ಬತ್ತಿದ ಬೋರಿಗೆ ಬಿಟ್ಟ ಪೈಪು

ನಮ್ಮ ಯಜಮಾನರು ಶಿವಪ್ರಸಾದ್ ಬುದ್ಧಿವಂತರೆಂದು ಪಂಚನಹಳ್ಳಿಯಲ್ಲಿ ಹೆಸರು. ಆ ಹೆಸರು ಕೊಟ್ಟವರು ಯಾರೋ, ಸಿಕ್ಕರೆ ನಾಲ್ಕು ಮಾತು ಕೇಳಬೇಕು. ಎರಡು ಕೋಣೆಯ ಹೊಸ ಮನೆ ಕಟ್ಟಿಸುವಾಗ ಪ್ಲಂಬರ್ ಕಾಂತರಾಜ್ ಕಕ್ಕಸಿನ ಗುಂಡಿ ಎಲ್ಲಿ ತೋಡಿಸಲಿ ಎಂದು ಕೇಳಿದ. ಇವರು ಹಿತ್ತಿಲಲ್ಲಿ ಬತ್ತಿಹೋಗಿದ್ದ ನಮ್ಮ ಬೋರ್‌ವೆಲ್ ತೋರಿಸಿ, ಗುಂಡಿಯ ಖರ್ಚೇಕೆ, ನೇರ ಇದಕ್ಕೇ ಬಿಡು, ಮೊಮ್ಮಕ್ಕಳ ಕಾಲಕ್ಕೂ ತುಂಬುವುದಿಲ್ಲ ಎಂದರು. ಕಾಂತರಾಜನೂ ತಲೆಯಾಡಿಸಿದ. ಊರಲ್ಲಿ ಬೇರೆ ಮನೆಗಳಿಗೂ ಹಾಗೇ ಮಾಡಿಕೊಟ್ಟಿದ್ದನಂತೆ.

ನಾನು ಜಗಳ ಆಡಿದ್ದು ಗಾಳಿ ಪೈಪಿಗಾಗಿ. ತರೀಕೆರೆಯ ಅಕ್ಕನ ಮನೆಯಲ್ಲಿ ಅದಿಲ್ಲದೆ ಬಚ್ಚಲಿಗೆ ಕಾಲಿಟ್ಟರೆ ಮೂಗು ಮುಚ್ಚಿಕೊಳ್ಳಬೇಕು. ಕಕ್ಕಸಿನ ಪೈಪಿನಿಂದ ಒಂದು ಕವಲು ತಾರಸಿಯ ಮೇಲಕ್ಕೆ ಹೋಗಲೇಬೇಕು, ಇಲ್ಲದಿದ್ದರೆ ಹಾಲು ಉಕ್ಕಿಸಲು ಬೇರೆ ಯಾರನ್ನಾದರೂ ಕರೆದುಕೊಳ್ಳಿ ಎಂದೆ. ಇವರು ಗೊಣಗುತ್ತಲೇ ಒಪ್ಪಿದರು. ಕಾಂತರಾಜ್ ಬೋರಿನ ಬಾಯಿಗೆ ಸಿಮೆಂಟ್ ಮೆತ್ತಿ, ಗಾಳಿ ಪೈಪನ್ನು ತಾರಸಿಯಿಂದ ಆಳೆತ್ತರಕ್ಕೆ ಏರಿಸಿದ. ಮನೆಯಲ್ಲಿ ಎಳ್ಳಷ್ಟೂ ವಾಸನೆ ಇಲ್ಲ. ಬಂದವರಿಗೆಲ್ಲ ಬಚ್ಚಲು ತೋರಿಸಿ ಮೆರೆದೆ.

ಪಕ್ಕದ ಮನೆ ದುರ್ಗಮ್ಮನವರದು. ನಮ್ಮ ಬೋರ್ ಬತ್ತಿದ ಮೇಲೆ ನಾವೂ, ಬೀದಿಯ ಅರ್ಧ ಮನೆಗಳೂ ಅವರ ಬೋರಿನ ನೀರನ್ನೇ ತರುವುದು. ಆಯಮ್ಮ ಒಂದು ದಿನವೂ ಮುಖ ಗಂಟು ಹಾಕಿಕೊಂಡವರಲ್ಲ. ಈ ವಾರ ಅವರ ಮೊಮ್ಮಗಳು ಸ್ಫೂರ್ತಿಗೆ ವಾಂತಿಭೇದಿ ಹತ್ತಿತು. ಕಡೂರಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ್ದರು. ಬೆಳಿಗ್ಗೆ ದುರ್ಗಮ್ಮ ಫೋನ್ ಮಾಡಿ, ಮಗುವಿಗೆ ಪರಸ್ಥಳದ ನೀರು ಒಗ್ಗುವುದಿಲ್ಲ, ನಮ್ಮ ಬೋರಿನ ನೀರು ಕಳಿಸಿಕೊಡಿ ಎಂದರು. ನಾನೇ ಕ್ಯಾನ್ ತುಂಬಿಸಿ ಕೊಟ್ಟೆ. ಇವರು ಬೈಕಿನಲ್ಲಿ ತೆಗೆದುಕೊಂಡು ಹೋದರು.

ಆಮೇಲೆ ಮೆಣಸಿನಕಾಯಿ ಒಣಹಾಕಲು ತಾರಸಿಗೆ ಹೋದೆ. ಕೈಯಲ್ಲಿದ್ದ ಪ್ಲಾಸ್ಟಿಕ್ ಕವರು ಗಾಳಿಗೆ ಹಾರಿ, ಗಾಳಿ ಪೈಪಿನ ಬಾಯಿಗೆ ಪಟ್ಟನೆ ಅಂಟಿಕೊಂಡಿತು. ಸ್ಟೂಲು ಹತ್ತಿ ಕಿತ್ತೆ. ಅಂಗೈ ಇಟ್ಟು ನೋಡಿದರೆ ಅಂಗೈಯನ್ನೂ ಒಳಕ್ಕೆ ಎಳೆಯುತ್ತಿತ್ತು. ವಾಸನೆಯನ್ನು ಹೊರಗೆ ಬಿಡಬೇಕಾದ ಪೈಪು ಗಾಳಿಯನ್ನು ಒಳಗೆ ಕುಡಿಯುತ್ತಿತ್ತು. ನನಗೆ ಏನೊಂದೂ ತಿಳಿಯಲಿಲ್ಲ.

ಅಷ್ಟರಲ್ಲಿ ಕರೆಂಟ್ ಹೋಯಿತು. ಬೀದಿಯವರು ನೀರು ಹಿಡಿಯಲು ಹಾಕಿದ್ದ ದುರ್ಗಮ್ಮನವರ ಬೋರಿನ ಮೋಟಾರಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಪೈಪಿನ ಎಳೆತವೂ ನಿಂತಿತು. ಕರೆಂಟ್ ಬಂತು, ಮೋಟಾರ್ ಓಡಿತು, ನನ್ನ ಅಂಗೈ ಮತ್ತೆ ಪೈಪಿಗೆ ಕಚ್ಚಿಕೊಂಡಿತು. ಅವರ ಬೋರಿನಲ್ಲಿ ನೀರು ಮೇಲೇರಿದರೆ ನಮ್ಮ ಬೋರಿನಲ್ಲಿ ಗಾಳಿ ಕೆಳಗಿಳಿಯುತ್ತದೆ. ನೆಲದೊಳಗೆ ಎರಡೂ ಒಂದೇ. ನಾವು ಇಷ್ಟು ತಿಂಗಳು ಬಿಟ್ಟದ್ದೆಲ್ಲ ಹೋಗಿದ್ದು ಅಲ್ಲಿಗೇ. ನಮ್ಮ ಅತ್ತೆಯ ಹಟಕ್ಕೆ ನಾವು ನೀರು ಕಾಯಿಸಿ ಕುಡಿಯುತ್ತೇವೆ. ದುರ್ಗಮ್ಮನ ಮನೆಯಲ್ಲಿ ಕಾಯಿಸುವುದಿಲ್ಲ.

ಕೆಳಗಿಳಿದು ಫೋನ್ ಮಾಡಿದೆ. ಇವರು ಎತ್ತಿದರು.

"ಗಾಬರಿ ಆಗ್ಬೇಡ ಕಣೇ. ಮಗು ಎದ್ದು ಕೂತೈತೆ. ಈಗ್ತಾನೆ ಒಂದು ಲೋಟ ನೀರು ಕುಡುದ್ಲು."

ದುರ್ಗಮ್ಮನವರಿಗೆ ಕೊಡಿ ಎಂದಷ್ಟೇ ಹೇಳಿದೆ. ನಾನು ಬಾಯಿ ತೆರೆಯುವ ಮೊದಲೇ ಆಯಮ್ಮ ಶುರು ಮಾಡಿದರು.

"ನಮ್ಮೂರ ನೀರು ಬಿದ್ಮೇಲೇ ಕಣವ್ವ ಮಗು ಕಣ್ಣು ಬಿಟ್ಟಿದ್ದು. ನಿಮ್ಮಿಬ್ರ ಹೊಟ್ಟೆ ತಣ್ಣಗಿರ್ಲಿ."

"ದೊಡ್ಡಮ್ಮ, ಆ ನೀರು ಚೆಲ್ಬಿಡಿ. ನಮ್ ಕಕ್ಕಸಿಂದು ನಿಮ್ ಬೋರಿಗೆ ಸೇರ್ತಾ ಐತೆ. ಮಗಿಗೆ ಕಾಯಿಲೆ ತಂದಿದ್ದು ನಾವೇ."

ಫೋನಿನಲ್ಲಿ ಹಿಂದುಗಡೆ ಸ್ಫೂರ್ತಿ ಇನ್ನೊಂದು ಲೋಟ ಕೇಳುತ್ತಿದ್ದಳು.