ಓಟಕ್ಕೆ ಹೋದ ಮುಚ್ಚಳ

ಹನೀಫ್ ಸಾಹೇಬರು ಬಾಯಿ ತೆರೆದರೆ ಸ್ವೀಡನ್ನಿನ ಟೋರ್ಸ್‌ಲಾಂಡದ ಸಮುದ್ರಗಾಳಿಯೂ ಬೀಸುವುದನ್ನು ನಿಲ್ಲಿಸಿ ತನ್ನ ಸರದಿಗೆ ಕಾಯುತ್ತಿತ್ತು. ಅಲ್ಲಿನ ಕಾರಿನ ಕಾರ್ಖಾನೆಯಲ್ಲಿ ಅವರದು ಬ್ರೇಕು ಪರೀಕ್ಷಿಸುವ ಕೆಲಸ. ದಾವಣಗೆರೆಗೆ ಫೋನು ಮಾಡಿದಾಗ ಮಾತ್ರ ಯುರೋಪಿನ ಅಷ್ಟೂ ಕಾರುಗಳು ಅವರ ಅಪ್ಪಣೆ ಸಿಕ್ಕ ಮೇಲೇ ನಿಲ್ಲುತ್ತಿದ್ದವು. ಎಂಟು ವರ್ಷದಲ್ಲಿ ಅವರು ಕಲಿತ ಸ್ವೀಡಿಷ್ ಭಾಷೆಯಲ್ಲಿ ‘ಜಗತ್ತಿನಲ್ಲೇ’, ‘ಅತ್ಯಂತ’ ಎಂಬ ಎರಡು ಮಾತಿಗೆ ಎಂದೂ ಬರ ಬಂದದ್ದಿಲ್ಲ.

ಹೆಂಡತಿ ಕುಲ್ಸುಂ ಕಾರ್ಖಾನೆಯ ರಸ್ತೆಯಲ್ಲೇ ಒಂದು ಹೋಟೆಲು ತೆರೆದಿದ್ದಳು. ಮುಂದೆ ಹಲಾಲ್ ಮಾಂಸದ ಕೌಂಟರು, ಹಿಂದೆ ನಾಲ್ಕಾರು ಮೇಜು, ಬಾಗಿಲ ಮೇಲೆ ‘ಕುಲ್ಸುಂ ಕಿಚನ್’. ಅವಳ ಬಿರಿಯಾನಿಯ ದಮ್ ಬಿಚ್ಚಿದರೆ ಆ ಘಮಕ್ಕೆ ಗೋಥೆನ್‌ಬರ್ಗ್ ಬಂದರಿನ ಹಡಗುಗಳು ದಾರಿ ತಪ್ಪಿ ದಂಡೆಗೆ ಮೂತಿ ಹಚ್ಚುತ್ತಿದ್ದವು. ಹಡಗು ದಾರಿ ತಪ್ಪಿದರೂ ಗಿರಾಕಿ ಮಾತ್ರ ದಾರಿ ತಪ್ಪಿಯೂ ಬರುತ್ತಿರಲಿಲ್ಲ.

ಆ ಬಿರಿಯಾನಿಯ ಗುಟ್ಟೆಲ್ಲ ಹಂಡೆಯಂಥ ತಾಮ್ರದ ದೇಗಿನಲ್ಲಿತ್ತು, ದೇಗಿನ ಗುಟ್ಟು ಅದರ ಮುಚ್ಚಳದಲ್ಲಿತ್ತು ಎಂಬುದು ಕುಲ್ಸುಂಳ ನಂಬಿಕೆ. ಅವಳ ನಾನಿಯ ಕಾಲದ ಮುಚ್ಚಳ ಅದು. ಎತ್ತಿನ ಗಾಡಿಯ ಚಕ್ರದಷ್ಟು ಅಗಲ. ಸ್ವೀಡನ್ನಿಗೆ ಬರುವಾಗ ಅವಳು ಬಟ್ಟೆಬರೆ ಊರಲ್ಲೇ ಬಿಟ್ಟು ದೇಗು, ಮುಚ್ಚಳ ತಂದಿದ್ದಳು. ದಾರಿಯ ವಿಮಾನ ನಿಲ್ದಾಣದಲ್ಲಿ ಸಾಮಾನು ನೋಡುವ ಯಂತ್ರ ಆ ಮುಚ್ಚಳವನ್ನು ಕಂಡು ಎರಡು ಸಲ ಎಚ್ಚರ ತಪ್ಪಿ ಬಿದ್ದಿತ್ತಂತೆ.

೨೦೦೬ರ ಬೇಸಿಗೆಯಲ್ಲಿ ಸಾಹೇಬರ ಮಗಳು ನಾಯಿಲಾ ‘ಫೋಲ್ಕ್‌ರೇಸ್’ ಹುಚ್ಚು ಹತ್ತಿಸಿಕೊಂಡಳು. ಗುಜರಿಗೆ ಹೋಗಬೇಕಾದ ಕಾರುಗಳು ಜಲ್ಲಿಯ ದಾರಿಯಲ್ಲಿ ಒಂದಕ್ಕೊಂದು ಗುದ್ದಿಕೊಂಡು ಓಡುವ ಆಟ ಅದು. ಒಂದೊಂದು ಕಾರಿಗೂ ಊರಿನ ಯಾವನೋ ಕಟುಕನೋ, ಪಿಜ್ಜಾ ಅಂಗಡಿಯವನೋ ಪ್ರಾಯೋಜಕ. ಒಂದರ ಬಾಗಿಲ ಮೇಲೆ ಕಡವೆ ಮಾಂಸ, ಇನ್ನೊಂದರ ಬಾನೆಟ್ಟಿನ ಮೇಲೆ ಹಂದಿಯ ಪಕ್ಕೆಲುಬು. ಎಲ್ಲಕ್ಕೂ ಮಿಗಿಲಾಗಿ ಯೋರಾನ್ ಎಂಬ ಸಾಸೇಜ್ ಅಂಗಡಿಯವನ ಕಾರು. ಅದರ ತಲೆಯ ಮೇಲೆ ಫೈಬರಿನ ಸಾಸೇಜು, ನೆಟ್ಟಗೆ ಮಲಗಿಸಿದರೆ ಡೆನ್ಮಾರ್ಕಿಗೆ ಸೇತುವೆ ಆಗುವಷ್ಟು ಉದ್ದ.

ಅದನ್ನು ಕಂಡ ದಿನವೇ ಸಾಹೇಬರು ತೀರ್ಮಾನಿಸಿದರು: ಗಿರಾಕಿಗಳನ್ನು ತರುವ ದಾರಿ ಇದೇ. “ನಮ್ ಕಾರಿನ ಪ್ರಾಯೋಜಕರು ಕುಲ್ಸುಂ ಕಿಚನ್! ಇಂಜಿನ್ನು ನಾನೇ ಬಿಚ್ಚಿ ಜೋಡಿಸ್ತೀನಿ. ಆ ಕಾರು ಹೊರಟ್ರೆ ಸಾಸೇಜು ಅಲ್ಲೇ ಬೆಂದು ಹೋಗ್ಬೇಕು!”

“ಅಬ್ಬು, ಒಂದು ರೂಲ್ ಇದೆ, ಲಿಸನ್,” ಎಂದಳು ನಾಯಿಲಾ. “ರೇಸ್ ಮುಗಿದ್ಮೇಲೆ ಎಲ್ಲಾ ಕಾರನ್ನೂ ಒಂದೇ ಫಿಕ್ಸೆಡ್ ರೇಟಿಗೆ ಮಾರೋಕೆ ಇಡ್ಬೇಕು. ಯಾರು ಬೇಕಾದ್ರೂ ಚೀಟಿ ಹಾಕ್ಬಹುದು. ಕೊಡಲ್ಲ ಅಂದ್ರೆ ನನ್ ಲೈಸೆನ್ಸ್ ಹೋಗತ್ತೆ. ಅದಕ್ಕೇ ಯಾರೂ ಕಾರಿಗೆ ಜಾಸ್ತಿ ಸುರಿಯಲ್ಲ.”

ಮಗಳು ಇದನ್ನು ಹೇಳುತ್ತಿದ್ದಷ್ಟು ಹೊತ್ತೂ ಸಾಹೇಬರು ತಮ್ಮ ಇಂಜಿನ್ನಿನ ವರ್ಣನೆಯಲ್ಲಿ ಮುಳುಗಿದ್ದರು. ಎರಡು ಮಾತು ಏಕಕಾಲಕ್ಕೆ ನಡೆದಾಗ ಅವರ ಕಿವಿ ಯಾವಾಗಲೂ ತಮ್ಮ ಮಾತಿನ ಕಡೆಗೇ ವಾಲುತ್ತಿತ್ತು.

ಬೇಸಿಗೆಯ ಬೆಳಕು ಮುಗಿಯದ ಸಂಜೆಗಳಲ್ಲಿ ಗ್ಯಾರೇಜಿನಲ್ಲಿ ಒಂದು ಮುದಿ ಸ್ಟೇಷನ್ ವ್ಯಾಗನ್ನಿಗೆ ಮರುಜನ್ಮ ಸಿಕ್ಕಿತು. ಸಾಹೇಬರು ಬೋಲ್ಟು ಬಿಗಿಯುವ ಸದ್ದಿಗೆ ಲ್ಯಾಪ್‌ಲ್ಯಾಂಡಿನ ಹಿಮಸಾರಂಗಗಳು ಬೆಚ್ಚಿ ರಷ್ಯಾ ಸೇರಿದವು. ಸಹೋದ್ಯೋಗಿ ಶಿವಪ್ರಸಾದ ನಟ್ಟು, ಸ್ಪ್ಯಾನರು ಕೈಗೆ ಕೊಡುತ್ತಿದ್ದ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಆ ಲಿಂಗಾಯತನ ಜಾಕೆಟ್ಟಿನ ಬೆನ್ನ ಮೇಲೆ ಸಾಹೇಬರು ದಷ್ಟಪುಷ್ಟ ಕುರಿಯೊಂದನ್ನು ಬಿಡಿಸಿ ‘ಹಲಾಲ್’ ಎಂದು ಬರೆಸಿದ್ದರು.

“ಸಾಹೇಬ್ರೆ, ನಮ್ಮನೇಲಿ ಪಾರ್ವತಿ ನೋಡಿದ್ರೆ ಜಾಕೆಟ್ಟು ಸಮೇತ ಹೊರಗೆ ಹಾಕ್ತಾಳೆ.”

“ಪ್ರಸಾದು, ಕುರಿ ಹಿಂದಿದೆ. ನೀನು ಮುಂದೆ ನೋಡ್ಕೊಂಡು ನಡಿ.”

ಎಲ್ಲ ಆಯಿತು. ಕಾರಿನ ನೆತ್ತಿ ಮಾತ್ರ ಬೋಳು. ಯೋರಾನನ ಸಾಸೇಜಿನ ಎದುರು ಬೋಳು ನೆತ್ತಿ ಹೊತ್ತು ಹೋಗುವುದೇ? ಸಾಹೇಬರು ಸದ್ದಿಲ್ಲದೆ ಹೋಟೆಲಿನ ಅಡುಗೆಮನೆಗೆ ಹೋಗಿ ಬಂದರು. ಮರುದಿನ ನಾನಿಯ ಮುಚ್ಚಳ ಹುಣಸೆಹಣ್ಣಿನಲ್ಲಿ ಫಳಫಳ ತೊಳೆಸಿಕೊಂಡು, ಅಂಚಿಗೆ ತೂತು ಹೊಡೆಸಿಕೊಂಡು, ಕಾರಿನ ನೆತ್ತಿಯ ಮೇಲೆ ಬೋಲ್ಟುಗಳಿಂದ ಭದ್ರವಾಗಿ ಕೂತಿತ್ತು. ಸೂರ್ಯನೇ ಅದನ್ನು ಕಂಡು ತನಗೊಬ್ಬ ತಮ್ಮ ಹುಟ್ಟಿದನೆಂದುಕೊಂಡ.

“ರೀ, ದೇಗಿನ ಮುಚ್ಚಳ ಎಲ್ಲಿ?” ಎಂದಳು ಕುಲ್ಸುಂ.

“ಕಲಾಯಿಗೆ ಕೊಟ್ಟಿದ್ದೀನಿ.”

“ಈ ದೇಶದಲ್ಲಿ ಕಲಾಯಿ ಹಾಕೋರು ಯಾರ್ರೀ ಇದ್ದಾರೆ?”

“ಸ್ಯಾಂಡ್‌ವಿಕೆನ್‌ನಲ್ಲಿ! ಉಕ್ಕಿನ ಊರು ಅದು. ತಲೆತಲಾಂತರದಿಂದ ಕಲಾಯಿ ಹಾಕ್ತಿರೋ ಮನೆತನ ಇದೆ. ಅರಮನೆ ಪಾತ್ರೆಗಳೆಲ್ಲ ಅವರ ಹತ್ರಾನೇ ಹೋಗೋದು.”

ಕುಲ್ಸುಂ ಮುಚ್ಚಳವಿಲ್ಲದ ದೇಗಿನ ಕಡೆ ಕೈ ತೋರಿಸಿದಳು. “ಭಾನುವಾರ ನಿಮ್ಮ ಕಾರ್ಖಾನೆ ತಬ್ರೇಜ್ ಮಗೂದು ಅಖೀಖಾ, ಕೂದಲು ತೆಗೆದು ಹೆಸರಿಡೋದು. ಊಟ ನಮ್ಮದೇ. ಶನಿವಾರ ಸಂಜೆಯೊಳಗೆ ನನ್ನ ನಾನಿ ಮುಚ್ಚಳ ಈ ದೇಗಿನ ಮೇಲಿರ್ಬೇಕು. ಇಲ್ಲಾಂದ್ರೆ ನಿಮ್ಮ ತಲೆ ಇಟ್ಟು ದಮ್ ಕಟ್ತೀನಿ.”

“ಶನಿವಾರ ಸಂಜೆ. ಗ್ಯಾರಂಟಿ!” ಎಂದರು ಸಾಹೇಬರು. ರೇಸು ಶನಿವಾರ ಮಧ್ಯಾಹ್ನ. ಮುಗಿದ ಮೇಲೆ ಬೋಲ್ಟು ಬಿಚ್ಚಿ ತಂದರಾಯಿತು.

ಶನಿವಾರ ಸಾಹೇಬರು ಮೈದಾನದಲ್ಲಿ ಕಾಲಿಟ್ಟದ್ದೇ ತಡ, ಹೊಗಳಿಕೆ ಶುರುವಾಯಿತು. ಕಾಫಿ ಹಿಡಿದು ನಿಂತ ಸ್ವೀಡಿಷರನ್ನು ಒಬ್ಬೊಬ್ಬರನ್ನಾಗಿ ಹಿಡಿದು, ಜಗತ್ತಿನಲ್ಲೇ ಇಂಥ ಇಂಜಿನ್ನಿಲ್ಲ, ಈ ಬ್ರೇಕಿಗೆ ರೈಲೂ ನಿಲ್ಲುತ್ತದೆ, ಚಂದ್ರನ ಮೇಲೆ ಜಲ್ಲಿ ಹಾಸಿದರೆ ಈ ಕಾರು ಅಲ್ಲೂ ಗೆಲ್ಲುತ್ತದೆ ಎಂದು ವಿವರಿಸಿದರು. ಅವರು ತಲೆಯಾಡಿಸಿ, “ಯಾಹಾ, ಹೌದಾ,” ಎಂದು ಉಸಿರು ಒಳಗೆಳೆದುಕೊಂಡು, ಕಾಫಿ ತುಂಬಿಸಿಕೊಳ್ಳಲು ದೂರ ಹೋದರು.

ರೇಸು ಶುರುವಾಯಿತು. ಮೊದಲ ತಿರುವಿನಲ್ಲೇ ಮುಚ್ಚಳದ ಹೊಳಪಿಗೆ ಕಡವೆ ಮಾಂಸದ ಕಾರಿನವನು ಕಣ್ಣು ಕುಕ್ಕಿ ಹುಲ್ಲಿನ ಬಣವೆಗೆ ನುಗ್ಗಿದ. ನಾಯಿಲಾ ಹುಲಿಯಂತೆ ಓಡಿಸಿದಳು. ಎರಡನೆಯ ತಿರುವಿನಲ್ಲಿ ಯೋರಾನನ ಸಾಸೇಜು ಬಂದು ಪಕ್ಕೆಗೆ ಗುದ್ದಿತು. ಕುಲ್ಸುಂ ಕಿಚನ್ ಒಂದು ಪಲ್ಟಿ ಹೊಡೆದು, ನೆತ್ತಿಯ ಮೇಲೆ ಒಂದು ಗಳಿಗೆ ತಪಸ್ಸು ಮಾಡಿ, ಮತ್ತೆ ಕಾಲ ಮೇಲೆ ನಿಂತು, ಓಡಿ, ಕೊನೆಯಿಂದ ಮೂರನೆಯದಾಗಿ ಗೆರೆ ದಾಟಿತು. ಮಗಳು ನಗುತ್ತ ಇಳಿದಳು. ಸಾಹೇಬರು ಅವಳನ್ನು ಅಪ್ಪಿಕೊಂಡು, ಬೆನ್ನು ತಟ್ಟಿ, ಅದೇ ಸಂಭ್ರಮದಲ್ಲಿ ಸ್ಪ್ಯಾನರು ಹಿಡಿದು ನೆತ್ತಿಯ ಕಡೆ ಕೈಚಾಚಿದರು.

“ಅಬ್ಬು, ಏನ್ ಮಾಡ್ತಿದೀರಾ? ಬಿಚ್ಚೋ ಹಾಗಿಲ್ಲ! ಕಾರು ಹೇಗೆ ಓಡ್ತೋ ಹಾಗೇ ಮಾರಾಟಕ್ಕಿರ್ಬೇಕು.”

“ಮಾರಾಟ? ಯಾವ ಮಾರಾಟ?”

ನಾಯಿಲಾ ಮತ್ತೊಮ್ಮೆ ವಿವರಿಸಿದಳು. ಈ ಸಲ ಸಾಹೇಬರು ಕೊನೆಯವರೆಗೂ ಕೇಳಿಸಿಕೊಂಡರು. ಹೀಗೆ ಕೇಳಿಸಿಕೊಂಡದ್ದು ಅವರ ನಿಕಾಹ್ ಆದ ಮೇಲೆ ಇದೇ ಮೊದಲು. ಕಾರುಗಳ ಮುಂದಿನ ಹೆಲ್ಮೆಟ್ಟುಗಳನ್ನು ನೋಡಿದರು. ಕೊಳ್ಳುವ ಆಸೆಯಿದ್ದವರು ಅದರಲ್ಲಿ ಹೆಸರಿನ ಚೀಟಿ ಹಾಕುವುದು ಪದ್ಧತಿ. ಕುಲ್ಸುಂ ಕಿಚನ್ನಿನ ಹೆಲ್ಮೆಟ್ಟು ಖಾಲಿ.

“ನೋಡಿ, ಯಾರೂ ಹಾಕಿಲ್ಲ. ಸುಮ್ನಿರಿ ಅಷ್ಟೆ,” ಎಂದಳು ಮಗಳು.

ಸುಮ್ಮನಿರುವುದು! ಮೀನಿಗೆ ಮರ ಹತ್ತು ಎಂದ ಹಾಗೆ. ಬೆಳಿಗ್ಗೆ ತಾವು ಮಾಡಿದ ಹೊಗಳಿಕೆಯೆಲ್ಲ ಸಾಹೇಬರಿಗೆ ನೆನಪಾಯಿತು. ಅದನ್ನು ಕೇಳಿದ ಮೇಲೆ ಈ ಕಾರು ಬೇಡ ಅನ್ನುವ ಮನುಷ್ಯ ಭೂಮಿಯ ಮೇಲಿರಲು ಸಾಧ್ಯವೇ? ಶಿವಪ್ರಸಾದನಿಗೆ, “ನೀನೂ ಒಂದು ಚೀಟಿ ಹಾಕು, ನಮ್ ಕಡೆಗೆ ಒಂದಿರ್ಲಿ,” ಎಂದು ಹೇಳಿ, ಎದೆ ಗಟ್ಟಿ ಮಾಡಿಕೊಂಡು, ಜೀವಮಾನದಲ್ಲಿ ಎಂದೂ ಮಾಡದ ಕೆಲಸಕ್ಕೆ ಕೈಹಾಕಿದರು. ತಮ್ಮದನ್ನು ತಾವೇ ಜರೆಯತೊಡಗಿದರು.

“ಅಷ್ಟೇನೂ ಒಳ್ಳೆ ಕಾರಲ್ಲ,” ಎಂದರು ಪಿಜ್ಜಾ ಅಂಗಡಿಯವನಿಗೆ ಸ್ವೀಡಿಷಿನಲ್ಲಿ.

ಪಿಜ್ಜಾದವನ ಕೈಯ ಕಾಫಿ ನಡುದಾರಿಯಲ್ಲಿ ನಿಂತಿತು.

“ಇಂಜಿನ್ನು ಸುಮಾರಾಗಿದೆ,” ಎಂದರು ಕಡವೆ ಮಾಂಸದವನಿಗೆ. ಅವನು ಕೂದಲಿನಿಂದ ಹುಲ್ಲು ಕೊಡವಿಕೊಳ್ಳುವುದನ್ನು ಬಿಟ್ಟು ಕಾರಿನ ಹತ್ತಿರ ಬಂದ. “ನಾನು ಮಾಡಿದ್ದು ಏನೂ ಇಲ್ಲ. ಸುಮ್ಮನೆ ಸ್ವಲ್ಪ ಬಿಗಿದೆ, ಅಷ್ಟೆ,” ಎಂದು ಸಾಹೇಬರು ಇನ್ನೂ ಒಂದು ಮೊಳೆ ಹೊಡೆದರು. ಯೋರಾನ್ ಬಾನೆಟ್ಟು ಎತ್ತಿ ಒಳಗೆ ತಲೆ ತೂರಿಸಿದ. ಜರೆದಷ್ಟೂ ಜನ ಸೇರಿದರು. ಹೆಲ್ಮೆಟ್ಟಿನಲ್ಲಿ ಚೀಟಿಗಳು ಸೋನಾ ಮಸೂರಿ ಅಕ್ಕಿಯ ಹಾಗೆ ಉಕ್ಕಿ ಹೊರಚೆಲ್ಲಿದವು.

ನಾಯಿಲಾ ಓಡಿ ಬಂದು ಅಪ್ಪನ ತೋಳು ಹಿಡಿದಳು. “ಅಬ್ಬು, ಸ್ಟಾಪ್! ಇಲ್ಲಿ ಯಾರೂ ತಮ್ ಬಗ್ಗೆ ದೊಡ್ಡದಾಗಿ ಹೇಳ್ಕೊಳಲ್ಲ. ಬೆಳಿಗ್ಗೆ ಹೊಗಳಿದ್ರಿ, ಅದಕ್ಕೇ ಕಾರು ಡಬ್ಬಾ ಅಂದ್ಕೊಂಡ್ರು. ಈಗ ‘ಸುಮಾರು’ ಅಂದ್ರಿ, ಅಂದ್ರೆ ಸೂಪರ್ ಅಂತ!”

“ಎಂಟು ವರ್ಷ ಆಯ್ತಲ್ಲೇ, ಇದನ್ನ ಯಾಕೆ ನಂಗೆ ಹೇಳ್ಲಿಲ್ಲ?”

“ಹೇಳ್ದೆ. ನೀವು ಮಾತಾಡ್ತಿದ್ರಿ.”

ರೇಸ್ ಕ್ಲಬ್ಬಿನ ಅಧ್ಯಕ್ಷೆ ಹೆಲ್ಮೆಟ್ಟಿಗೆ ಕೈಹಾಕಿ ಒಂದು ಚೀಟಿ ಎತ್ತಿದಳು. ಶಿವಪ್ರಸಾದ ಕಣ್ಣು ಮುಚ್ಚಿ ಬಸವಣ್ಣನನ್ನು ನೆನೆದ. ಬಂದದ್ದು ಯೋರಾನನ ಹೆಸರು.

“ಯೋರಾನ್, ಕಾರು ತಗೋ, ಸಂತೋಷ,” ಎಂದು ಸಾಹೇಬರು ಬೆನ್ನು ಹತ್ತಿದರು. “ಮೇಲಿನ ಮುಚ್ಚಳ ಮಾತ್ರ ಕೊಟ್ಟುಬಿಡು. ಅದೊಂದು ಅಷ್ಟೇನೂ ಒಳ್ಳೆಯದಲ್ಲದ ಮುಚ್ಚಳ.”

ಈ ಮಾತಿನೊಂದಿಗೆ ಮುಚ್ಚಳದ ಬೆಲೆ ಯೋರಾನನ ಕಣ್ಣಲ್ಲಿ ಹತ್ತು ಪಟ್ಟು ಏರಿತು. ಅವನು ಮುಚ್ಚಳವನ್ನು ಬೆರಳಿನಿಂದ ತಟ್ಟಿ ನಾದ ಕೇಳಿ, ಉಸಿರೊಳಗೆಳೆದುಕೊಂಡು, ಕಾರನ್ನು ಟ್ರೇಲರಿಗೆ ಏರಿಸಿಕೊಂಡು ಹೊರಟೇಬಿಟ್ಟ.

ಶಿವಪ್ರಸಾದನ ಕಾರಿನಲ್ಲಿ ಮೂವರೂ ಬೆನ್ನಟ್ಟಿದರು. ಅವನ ಅಂಗಡಿಯ ಮುಂದೆ ಹಿಡಿದು, ಕಾಲಿಗೆ ಬಿದ್ದಾದರೂ ಸರಿ, ಮುಚ್ಚಳ ಬಿಚ್ಚಿಸಿಕೊಳ್ಳುವುದು ಸಾಹೇಬರ ಲೆಕ್ಕ. ಟ್ರೇಲರು ಸಾಸೇಜ್ ಅಂಗಡಿಯನ್ನು ದಾಟಿತು. ಕಾರ್ಖಾನೆಯನ್ನು ದಾಟಿತು.

“ಸಾಹೇಬ್ರೆ,” ಎಂದ ಶಿವಪ್ರಸಾದ ಮೆತ್ತಗೆ. “ಇದು ನಿಮ್ಮ ಹೋಟೆಲ್ ರೋಡಲ್ವಾ?”

ಕಾರಿನ ಬಾಗಿಲ ಮೇಲೆ ಸಾಹೇಬರೇ ಕೈಯಾರೆ ಬರೆದಿದ್ದರು: ‘ಹಸಿದಿದ್ದೀರಾ? ಕುಲ್ಸುಂ ಕಿಚನ್, ಕಾರ್ಖಾನೆಯ ರಸ್ತೆ.’ ಯೋರಾನ್ ಅದನ್ನು ಓದಿದ್ದ. ವರ್ಷಗಟ್ಟಲೆ ದಿನವಿಡೀ ಸಾಸೇಜು ಹುರಿದು ಅದರ ವಾಸನೆಗೇ ಬೇಸತ್ತ ಮನುಷ್ಯ ಅವನು. ಹಸಿದೂ ಇದ್ದ. ಅಷ್ಟು ಬೋಲ್ಟು ಬಿಗಿದು, ಅಷ್ಟು ಬಣ್ಣ ಬಳಿದು ಮಾಡಿದ ಜಾಹೀರಾತು ಕೊನೆಗೂ ಒಬ್ಬ ಗಿರಾಕಿಯನ್ನು ತಂದಿತ್ತು.

ಇವರು ತಲುಪುವಷ್ಟರಲ್ಲಿ ಕುಲ್ಸುಂ ಹೊರಗೆ ಬಂದು ಟ್ರೇಲರಿನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಕಾರಿನ ನೆತ್ತಿಯ ಮೇಲೆ ನಾನಿಯ ಮುಚ್ಚಳ, ನಡುವೆ ಕುರಿಮರಿ ಮಲಗುವಷ್ಟು ದೊಡ್ಡ ತಗ್ಗು.

“ನೀವು ಸ್ಯಾಂಡ್‌ವಿಕೆನ್‌ನವರಾ?” ಎಂದು ಅವಳು ಯೋರಾನನನ್ನು ಸ್ವೀಡಿಷಿನಲ್ಲಿ ವಿಚಾರಿಸುತ್ತಿದ್ದಳು.

“ಇಲ್ಲ. ಪಕ್ಕದ ಬೀದಿ.”

“ಕಲಾಯಿ ಹಾಕ್ತೀರಾ?”

“ಸಾಸೇಜು ಮಾರ್ತೀನಿ. ಈ ಕಾರನ್ನ ಈಗ ತಾನೇ ಕೊಂಡೆ.”

ಕುಲ್ಸುಂ ಗಂಡನ ಕಡೆ ತಿರುಗಿದಳು. ಸಾಹೇಬರ ಬಾಯಿ ತೆರೆಯಿತು. ಸ್ಯಾಂಡ್‌ವಿಕೆನ್ನಿನ ಮನೆತನ, ಅರಮನೆ, ದಾರಿಯಲ್ಲಿ ಬಿರುಗಾಳಿ, ಎಲ್ಲ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಒಂದೂ ಹೊರಗೆ ಬರಲಿಲ್ಲ.

“ರೇಸಿಗೆ ಕಟ್ಟಿದ್ದೆ,” ಎಂದರು. “ಪಲ್ಟಿ ಆಯ್ತು.”

“ನಾಯಿಲಾಗೆ?”

“ಏನೂ ಆಗಿಲ್ಲ ಅಮ್ಮಿ,” ಎಂದಳು ನಾಯಿಲಾ ಹಿಂದಿನಿಂದ.

ಕುಲ್ಸುಂ ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಯೋರಾನನಿಗೆ ಕಾರಿನ ನೆತ್ತಿ ತೋರಿಸಿ, “ಅದು ನನ್ನ ಅಜ್ಜಿಯದು,” ಎಂದಳು. ಅಷ್ಟೇ. ಜಗತ್ತಿನಲ್ಲೇ ಎನ್ನಲಿಲ್ಲ, ಅತ್ಯಂತ ಎನ್ನಲಿಲ್ಲ. ಯೋರಾನ್ ಮರುಮಾತಿಲ್ಲದೆ ಸ್ಪ್ಯಾನರು ತಂದು ಬೋಲ್ಟು ಬಿಚ್ಚಿ ಮುಚ್ಚಳವನ್ನು ಎರಡೂ ಕೈಯಲ್ಲಿ ಒಪ್ಪಿಸಿದ. ಸಾಹೇಬರು ಇಡೀ ಮಧ್ಯಾಹ್ನ ಕಷ್ಟಪಟ್ಟರೂ ಆಗದ ಕೆಲಸ ಅವಳ ಒಂದು ವಾಕ್ಯಕ್ಕೆ ಮುಗಿಯಿತು.

ದೇಗಿನ ಮೇಲಿಟ್ಟರೆ ಮುಚ್ಚಳ ಓಲಾಡಿತು. ಅಂಚು ಸೊಟ್ಟಗಾಗಿ ಎಲ್ಲೂ ಕೂಡುತ್ತಿರಲಿಲ್ಲ. ಸಾಹೇಬರು ತಲೆ ತಗ್ಗಿಸಿ, “ನನ್ ತಲೆ ಇಟ್ಟು ದಮ್ ಕಟ್ಟೇ,” ಎಂದರು.

“ನಿಮ್ ತಲೆ ಇಟ್ರೆ ಆವಿಯೆಲ್ಲ ಬಾಯಲ್ಲಿ ಹೋಗತ್ತೆ,” ಎಂದು ಅವಳು ಮೈದಾ ಕಲಸತೊಡಗಿದಳು. ಭಾನುವಾರ ಓವನ್ನಿನ ಟ್ರೇ ಬೋರಲು ಹಾಕಿ, ಸುತ್ತ ಹಿಟ್ಟು ಮೆತ್ತಿ, ತಬ್ರೇಜನ ಮಗುವಿನ ಅಖೀಖಾಕ್ಕೆ ಬಿರಿಯಾನಿ ಇಳಿಸಿದಳು. ತಿಂದವರು ಏಳಲಾರದೆ ಮರುದಿನ ಕೆಲಸಕ್ಕೆ ರಜೆ ಹಾಕಿದರು. ಮುಚ್ಚಳದಲ್ಲಿ ಗುಟ್ಟೇನೂ ಇರಲಿಲ್ಲ ಎಂಬುದು ಅವತ್ತು ಅವಳಿಗೆ ಗೊತ್ತಾಯಿತು. ಅದನ್ನು ಅವಳು ಗಂಡನಿಗೆ ಹೇಳಲಿಲ್ಲ.

ಈಗ ಆ ಮುಚ್ಚಳ ಹೋಟೆಲಿನ ಗೋಡೆಯ ಮೇಲೆ ತಗ್ಗಿನ ಸಮೇತ ನೇತಾಡುತ್ತಿದೆ. ಯೋರಾನ್ ಅದೇ ಕಾರನ್ನು ಓಡಿಸುತ್ತಾನೆ. ಬಣ್ಣ ಬಳಿಯುವ ಸೋಮಾರಿತನಕ್ಕೆ ಬಾಗಿಲ ಮೇಲೆ ‘ಕುಲ್ಸುಂ ಕಿಚನ್’ ಹಾಗೇ ಇದೆ. ನೆತ್ತಿಯ ಮೇಲೆ ಮುಚ್ಚಳದ ಜಾಗದಲ್ಲಿ ಹಂದಿ ಸಾಸೇಜು. ಅದನ್ನು ಕಂಡಾಗಲೆಲ್ಲ ಸಾಹೇಬರು ತೌಬಾ ತೌಬಾ ಎಂದು ಕೆನ್ನೆ ಮುಟ್ಟಿಕೊಳ್ಳುತ್ತಾರೆ. ಬಾಗಿಲನ್ನು ಓದಿದವರು ಮಾತ್ರ ಒಬ್ಬೊಬ್ಬರಾಗಿ ಹೋಟೆಲಿಗೆ ಬರುತ್ತಾರೆ. ಗೋಡೆ ನೋಡಿ ಕೇಳುತ್ತಾರೆ. ಕುಲ್ಸುಂ ಇದ್ದದ್ದನ್ನು ಇದ್ದ ಹಾಗೆ, ಒಂದಕ್ಷರ ಹೆಚ್ಚಿಲ್ಲದೆ ಹೇಳುತ್ತಾಳೆ. ಅವರು ಸಂತೋಷದಿಂದ ಎರಡನೆಯ ತಟ್ಟೆ ತರಿಸಿಕೊಳ್ಳುತ್ತಾರೆ. ಆ ತಟ್ಟೆ ತಂದಿಡುವುದು, ಆ ಕತೆಯನ್ನು ಬಾಯಿ ಮುಚ್ಚಿಕೊಂಡು ಕೇಳುವುದು ಸಾಹೇಬರಿಗೆ ಸಿಕ್ಕ ಶಿಕ್ಷೆ.

ಮೊನ್ನೆ ದಾವಣಗೆರೆಯಿಂದ ಭಾವಮೈದುನ ಮೋಯಿನ್ ಫೋನು ಮಾಡಿದ್ದ. ಸಾಹೇಬರು ಮೂಲೆಗೆ ಸರಿದು, ದನಿ ತಗ್ಗಿಸಿ ಶುರುಮಾಡಿದರು: “ರೇಸಾ? ಏನ್ ಕೇಳ್ತೀಯಾ ಮೋಯಿನ್, ಸ್ವೀಡನ್ನಿಗೆ ಸ್ವೀಡನ್ನೇ ಎದ್ದು ನಿಂತಿತ್ತು. ಅಷ್ಟು ಕಾರಲ್ಲಿ ನಮ್ಮದು ಮೂರನೇದು!”

ಅಡುಗೆಮನೆಯಿಂದ ಕುಲ್ಸುಂಳ ದನಿ ಬಂತು: “ಯಾವ ಕಡೆಯಿಂದ ಮೂರನೇದು ಅಂತಾನೂ ಹೇಳ್ರೀ!”