ರೈಲಿ ಅತ್ತೆಯ ನಾಲಿಗೆ

ನನ್ನ ಅಕ್ಷರ ಮೊದಲೇ ವಕ್ರ, ಶಾಲೆ ಬಿಟ್ಟ ಮೇಲೆ ಇನ್ನೂ ಕೆಟ್ಟಿದೆ. ಪದಗಳೂ ಸಾಲವು. ಓದುವವರು ಸಹಿಸಿಕೊಳ್ಳಬೇಕು.

ನನ್ನ ತಂದೆಯ ಅಕ್ಕ ರೈಲಿ ಅತ್ತೆ ರೇಸ್ ಬೈಕಿನ ನೀರನ್ನು ನಾಲಿಗೆಯಿಂದ ಪರೀಕ್ಷಿಸುತ್ತಾರೆ. ಟ್ರ್ಯಾಕಿನಲ್ಲಿ ಓಡುವ ಬೈಕಿನ ರೇಡಿಯೇಟರಿಗೆ ಬೇಸಿಗೆಯಲ್ಲಿ ನೀರನ್ನೇ ತುಂಬುತ್ತೇವೆ. ಚೆಲ್ಲಿದರೂ ಹಿಂದೆ ಬರುವವರು ಜಾರಿ ಬೀಳಬಾರದು. ಚಳಿಗಾಲಕ್ಕೆ ಮುಂಚೆ ಅದನ್ನು ಬಸಿದು ಹೆಪ್ಪುಗಟ್ಟದ ದ್ರವ ಹಾಕದಿದ್ದರೆ ನೀರು ಮಂಜುಗಡ್ಡೆಯಾಗಿ ಉಬ್ಬಿ ಎಂಜಿನ್ನನ್ನೇ ಸೀಳುತ್ತದೆ. ತುಕ್ಕು ತಡೆಯುವ ಮದ್ದು ಬೆರೆಸಿದ ನೀರೂ ಗುಲಾಬಿ, ಆ ದ್ರವವೂ ಗುಲಾಬಿ. ದ್ರವ ಮಾತ್ರ ಸಿಹಿ. ಅತ್ತೆ ಕಿರುಬೆರಳು ಅದ್ದಿ, ನಾಲಿಗೆಯ ತುದಿಗೆ ಮುಟ್ಟಿಸಿ, ಥೂ ಎಂದು ಉಗುಳಿ ತೀರ್ಪು ಕೊಡುತ್ತಾರೆ.

ಹಿಂದೊಮ್ಮೆ ಬೈಕಿನಿಂದ ಬಿದ್ದು ಮಡಚಲಾಗದಂತಾದ ಎಡಗಾಲನ್ನು ಗೇಟು ತೆರೆದಂತೆ ಹೊರಕ್ಕೆ ಬೀಸುತ್ತ ನಡೆಯುವ ಅತ್ತೆ, ತೋಳೆಲ್ಲ ಎಣ್ಣೆಗೆ ಮಿರುಗುವ ಕಂದು ಉಣ್ಣೆಯ ಕೋಟಿನೊಳಗೆ ಬೈಕಿನ ಬ್ಯಾಟರಿಯನ್ನು ಚಳಿಗೆ ಕೆಡದಂತೆ ಎಳೆಗೂಸಿನ ಹಾಗೆ ಸುತ್ತಿ ಮನೆಗೆ ತರುತ್ತಾರೆ. ನಮ್ಮ ಬೈಕು ನಿಲ್ಲುವ ಶೆಡ್ಡಿನ ಇನ್ನರ್ಧದಲ್ಲಿ ತಮ್ಮ ಬೈಕು ಇಡುವ ಆಹ್ತಿ, ರೇಸಿನಲ್ಲಿ ಅತ್ತೆಯ ಹಳೆಯ ಎದುರಾಳಿ.

"ರೈಲಿ, ಅದು ವಿಷ ಕಣೇ. ಒಂದಿನ ಸತ್ತೇ ಹೋಗ್ತೀಯ."

"ಸತ್ರೂ ನಿನಗಿಂತ ಮುಂದೇನೇ ಇರ್ತೀನಿ ಬಿಡೋ, ಆಯ್ತಲ್ಲ."

ನಮ್ಮೂರು ಇಮಾತ್ರದಲ್ಲಿ ಈ ರಾತ್ರಿಯೇ ಕಡುಹಿಮವೆಂದು ರೇಡಿಯೋ ಹೇಳಿತ್ತು. ಮಧ್ಯಾಹ್ನ ಅತ್ತೆ ನೀರು ಬಸಿದು, ಡಬ್ಬಿಯಿಂದ ದ್ರವ ಸುರಿದು, ರುಚಿ ನೋಡಿ, "ಸಿಹಿ" ಎಂದರು. ಮುಚ್ಚಳ ಹಾಕುವಾಗ ನನ್ನ ಬೆರಳೂ ಒದ್ದೆಯಾಯಿತು. ಆ ಸಿಹಿ ಹೇಗಿರುತ್ತದೆಂದು ಮೊದಲ ಬಾರಿ ನಾನೂ ನೆಕ್ಕಿದೆ. ಸಪ್ಪೆ. ನನಗೇ ತಿಳಿಯುತ್ತಿಲ್ಲವೇನೋ ಎಂದು ಪಕ್ಕದ ಡಬ್ಬಿಗೂ ಬೆರಳದ್ದಿದೆ. ಅದು ಸಕ್ಕರೆಪಾಕದಂತೆ ಸಿಹಿಯಾಗಿತ್ತು.

"ಅತ್ತೆ... ನೀವು ಹಾಕಿದ್ದು ನೀರು."

"ನೋಡಪ್ಪ, ಮೂಕಿ ಸೈಮಿನೂ ತೀರ್ಪು ಕೊಟ್ಟಳು!" ಎಂದು ಆಹ್ತಿ, ಮಾತು ಕಡಿಮೆಯ ನನ್ನತ್ತ ನೋಡಿ ನಕ್ಕರು.

ಅತ್ತೆ ನಗಲಿಲ್ಲ. ಎರಡೂ ಡಬ್ಬಿಗಳಿಗೆ ಬೆರಳದ್ದಿ ನೋಡಿದರು. ಇನ್ನೊಮ್ಮೆ ನೋಡಿದರು. ಉಗುಳುವುದನ್ನೂ ಮರೆತು ನಿಂತರು.

"ನಂಗೆ ಎರಡೂ ಒಂದೇ ಕಣೇ. ಬೇಸಿಗೆಯಿಂದ ಕಾಫಿನೂ ಬರೀ ಬಿಸಿನೀರು."

ಆಹ್ತಿಯ ನಗು ನಿಂತಿತು. "ಅದಕ್ಕೇನಾ ಹೋದ ವಾರ ಏಲಕ್ಕಿ ಬನ್ನಲ್ಲಿ ಅಷ್ಟು ಉಪ್ಪು?"

"ಹೇಳೋಕೆ ಬಾಯಿರಲಿಲ್ವಾ?"

"ನೀನು ಮಾಡಿದ್ದಲ್ವಾ ಅಂತ ಎರಡು ತಿಂದೆ. ನೀನ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಎಲ್ಲಾ ಸೇರಿ ನನ್ನನ್ನ ಬೈಕಿಂದ ಇಳಿಸ್ತಿದ್ರಿ."

ಅತ್ತೆ ಹೆದರಿದ್ದನ್ನು ನಾನು ಎಂದೂ ಕಂಡವಳಲ್ಲ. ಮೂವರೂ ನೀರು ಬಸಿದು, ಸರಿಯಾದ ಡಬ್ಬಿಯಿಂದ ತುಂಬಿ, ದ್ರವ ಒಳಗೆಲ್ಲ ಹರಿಯುವಂತೆ ಎಂಜಿನ್ ಓಡಿಸಿದೆವು. ಕೊನೆಗೆ ಅತ್ತೆ ಬೆರಳನ್ನು ರೇಡಿಯೇಟರಿನತ್ತ ಒಯ್ದು, ನಡುವೆಯೇ ತಡೆದು, ನನ್ನ ಕಡೆ ನೋಡಿದರು. ನಾನು ನೆಕ್ಕಿ "ಸಿಹಿ" ಎಂದೆ.

ಎಂಜಿನ್ ಉಳಿಯಿತು, ನನ್ನ ದಿಗಿಲು ಇಳಿದಿಲ್ಲ. ತಮ್ಮ ದೇಹವನ್ನೇ ಅಳತೆಗೋಲು ಮಾಡಿಕೊಂಡು ಬಾಳಿದವರು ಯಾವ ಯಂತ್ರದ ದೋಷವನ್ನೂ ಮುಚ್ಚಿಡುವುದಿಲ್ಲ, ತಮ್ಮದೊಂದನ್ನು ಬಿಟ್ಟು. ಅವರ ಮಾತನ್ನು ನಂಬಿಯೇ ನಾವು ಅವರನ್ನು ಒಂಟಿಯಾಗಿಸುತ್ತೇವೆ.

ನಾಳೆ ಬೆಳಗಿನ ಬಸ್ಸಿಗೆ ಅತ್ತೆಯನ್ನು ವೈದ್ಯರ ಬಳಿ ಕರೆದುಕೊಂಡು ಹೋಗುತ್ತೇನೆ.