ದೊಡ್ಡ ಕೋರ್ಟಿಗೆಂದು ಉಳಿಸಿಟ್ಟ ಸಾಕ್ಷಿ

"ಸ್ವಾಮಿ, ನಾನ್ ಹೇಳ್ತೀನಿ!" ಎಂದು ಕ್ಷೌರದಂಗಡಿಯ ಮುದುಕ ಹಿಂದಿನ ಬೆಂಚಿನಿಂದ ಎದ್ದೇ ನಿಂತ. ಹೈಕೋರ್ಟಿನ ಆ ಎತ್ತರದ ಕೋಣೆಯಲ್ಲಿ ಎಲ್ಲರೂ ತಿರುಗಿ ನೋಡಿದರು. ಪಕ್ಕದಲ್ಲಿದ್ದ ಬಡಗಿ ಅವನ ತೋಳು ಹಿಡಿದು ಜಗ್ಗಲಿಲ್ಲ. ಇದೊಂದು ಗಳಿಗೆಗಾಗಿ ಅಲ್ಲವೇ ತಾನು ಇಷ್ಟು ದಿನ ಹಲ್ಲು ಕಚ್ಚಿಕೊಂಡು ಕಾದಿದ್ದು!

ಮರದ ಮಿಲ್ಲಿನ ಮೇಸ್ತ್ರಿಯ ತಲೆ ಒಡೆದವನೆಂದು ಬಡಗಿಯ ತಮ್ಮ ಜೈಲಿನಲ್ಲಿದ್ದ. ತಲೆ ಒಡೆದ ಹೊತ್ತಿನಲ್ಲಿ ಆ ತಮ್ಮ ಊರಿನ ಇನ್ನೊಂದು ತುದಿಯಲ್ಲಿ, ಈ ಮುದುಕನ ಕುರ್ಚಿಯಲ್ಲಿ, ಕೆನ್ನೆಗೆ ಸೋಪು ಹಚ್ಚಿಸಿಕೊಂಡು ಕೂತಿದ್ದ. "ಅಣ್ಣಾ, ಅಜ್ಜನ್ನ ಕರೆಸೋ," ಎಂದು ಮೊದಲ ದಿನದಿಂದಲೂ ಗೋಗರೆದಿದ್ದ. ಬಡಗಿಯದು ಬೇರೆಯೇ ಲೆಕ್ಕ. ಕೆಳಗಿನ ಕೋರ್ಟುಗಳು ಮಿಲ್ಲಿನ ಮಾಲೀಕನ ಕೈಗೆಟುಕುವಷ್ಟು ಹತ್ತಿರ. ಅಲ್ಲಿ ಮುದುಕ ಬಾಯಿಬಿಡುತ್ತಾನೆಂದು ಗೊತ್ತಾದರೆ ಬೆಳಗಾಗುವುದರೊಳಗೆ ಹೆದರಿಸಿ ಮಾತು ತಿರುಗಿಸಿಬಿಡುತ್ತಾರೆ. ಒಳ್ಳೆಯ ಹಲಗೆಯನ್ನು ಹಿತ್ತಿಲ ಬಾಗಿಲಿಗೆ ಯಾರಾದರೂ ಹಾಕುತ್ತಾರೆಯೇ? "ಸುಮ್ನಿರೋ, ದೊಡ್ಡ ಕೋರ್ಟಿಗೆ ಇಟ್ಕೊಂಡಿದೀನಿ," ಎಂದಿದ್ದ. ವಕೀಲರಿಗೂ ಸುಳಿವು ಕೊಟ್ಟಿರಲಿಲ್ಲ, ತಮ್ಮನಿಗೂ ಕೊಡಗೊಟ್ಟಿರಲಿಲ್ಲ, ಭಲೇ ಬುದ್ಧಿವಂತ!

ನ್ಯಾಯಾಧೀಶರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೂ ಚೆನ್ನಾಗಿತ್ತು. "ಕೂತ್ಕೊಳ್ಳಿ ಅಜ್ಜಾ," ಎಂದರು. "ಏನು ನಡೀತು ಅನ್ನೋದನ್ನ ಕೆಳಗಿನ ಎರಡು ಕೋರ್ಟೂ ತೀರ್ಮಾನ ಮಾಡಿ ಆಗಿದೆ. ಅವರು ಕಾನೂನು ತಪ್ಪಿದಾರಾ ಅಂತಷ್ಟೇ ಇಲ್ಲಿ ನೋಡೋಕಾಗೋದು. ಹೊಸದಾಗಿ ಸಾಕ್ಷಿ ಕೇಳೋ ಜಾಗ ಅಲ್ಲ ಇದು." ಆಮೇಲೆ ವಕೀಲರ ಕಡೆ ತಿರುಗಿದರು. "ಇವರನ್ನ ಅಲ್ಲೇ ಯಾಕೆ ಕರೆಸಲಿಲ್ಲ?"

ವಕೀಲರು ಬಡಗಿಯನ್ನು ನೋಡಿದರು. ಅರ್ಜಿ ವಜಾ ಆಯಿತು. ತಮ್ಮನಿಗೆ ಇನ್ನೂ ನಾಲ್ಕು ವರ್ಷ. ಮುಂದಿನ ಕೇಸು ಕೂಗಿದರು.

ಹೊರಗೆ ಮೆಟ್ಟಿಲ ಮೇಲೆ ವಕೀಲರು, "ಒಂದು ಮಾತು ನನ್ನ ಕಿವಿಗೆ ಹಾಕಿದ್ದಿದ್ರೆ..." ಎಂದು ಶುರುಮಾಡಿ, ಬಡಗಿಯ ಮುಖ ನೋಡಿ ಹೊರಟುಹೋದರು. ಬಡಗಿಗೆ ಅಲ್ಲೇ ತಲೆ ಚಚ್ಚಿಕೊಳ್ಳಬೇಕೆನಿಸಿತು. ಅಯ್ಯೋ, ಕೈಯಾರೆ ತಮ್ಮನ ಬಾಳಿಗೆ ಕಲ್ಲು ಹಾಕಿದೆನಲ್ಲ!

ಮುದುಕನಿಗೆ ಏನೂ ಅರ್ಥವಾಗಿರಲಿಲ್ಲ. "ಕೇಳಿಸ್ಲಿಲ್ವೇನಪ್ಪ ಅವರಿಗೆ? ದಾರಿಯುದ್ದಕ್ಕೂ ಬಾಯಿಪಾಠ ಮಾಡ್ಕೊಂಡ್ ಬಂದಿದ್ದೆ. ಒಂದಕ್ಷರ ಮರ್ತಿಲ್ಲ."

"ಇಲ್ಲಿ ಕೇಳೋ ಹಾಗಿಲ್ವಂತೆ ಅಜ್ಜಾ."

"ಮತ್ತೆಲ್ಲಿ ಹೇಳ್ಲಿ?"

ಮುದುಕ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಕೈಕಟ್ಟಿ ನೆಟ್ಟಗೆ ನಿಂತು, ಗಂಟಲು ಸರಿಮಾಡಿಕೊಂಡ.

"ಸತ್ಯವಾಗ್ಲೂ ಹೇಳ್ತೀನಿ ಸ್ವಾಮಿ," ಎಂದು ಬಡಗಿಯ ಮುಖ ನೋಡುತ್ತಲೇ ಶುರುಮಾಡಿದ. "ಅವತ್ತು ಆ ಹುಡುಗ ನನ್ನಂಗಡಿಗೆ ಬಂದಾಗ..."

ಬಡಗಿ ಮೆಟ್ಟಿಲ ಮೇಲೆ ಕೂತು ಕೊನೆಯವರೆಗೂ ಕೇಳಿದ.